ಕುಶಾಲನಗರದ ಗಡಿಕೋಟೆಗೆ ರಸ್ತೆ ಬದಿಯ ಫಲಕ: ಯಾವ ವರ್ಷ ಬರೆಯಬೇಕು, ಯಾರ ಹೆಸರು ಬರೆಯಬೇಕು?

ಪ್ರಶ್ನೆ: ಹಾರಂಗಿ ದಡ

ಮಾನ್ಯರೇ, ನಮಸ್ಕಾರ.

ಮೈಸೂರಿನ ಕಡೆಯಿಂದ ಬರುವ ಹೆದ್ದಾರಿ ಕೊಪ್ಪವನ್ನು ದಾಟಿ ಕಾವೇರಿ ಸೇತುವೆಯನ್ನು ಕಳೆದೊಡನೆ ಕೊಡಗು ಆರಂಭವಾಗುತ್ತದೆ. ಈಗ ಅದು ಎರಡು ಜಿಲ್ಲೆಗಳ ನಡುವಿನ ಗಡಿ. ಇನ್ನೂರು ವರ್ಷಗಳ ಹಿಂದೆ ಎರಡು ರಾಜ್ಯಗಳ ನಡುವಿನ ಗಡಿಯಾಗಿತ್ತು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಇಲ್ಲಿ ಕೋಟೆಯೊಂದಿತ್ತು, ಅದಕ್ಕಾಗಿ ಕಾದಾಟ ನಡೆದಿತ್ತು ಎಂಬುದು ಕೊಡಗಿನ ಇತಿಹಾಸವನ್ನು ಸ್ವಲ್ಪ ಓದಿದವರಿಗೂ ಗೊತ್ತು. ನಿಸರ್ಗಧಾಮಕ್ಕೋ ದುಬಾರೆಗೋ ಧಾವಿಸುವ ಪ್ರವಾಸಿಗರಿಗೆ ಮಾತ್ರ ಅದರ ಸುಳಿವೇ ಇರುವುದಿಲ್ಲ.

ಊರಿನ ಕೆಲವು ಹಿರಿಯರು ಮತ್ತು ಅಂಗಡಿಯವರು ಸೇರಿ, ಸ್ವಲ್ಪ ಹಣ ಕೂಡಿಸಿ, ರಸ್ತೆ ಬದಿಯಲ್ಲಿ ಒಂದು ಕಲ್ಲಿನ ಫಲಕವನ್ನು ನಿಲ್ಲಿಸಬೇಕೆಂದು ನಿರ್ಧರಿಸಿದ್ದಾರೆ. ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದವನೆಂಬ ಕಾರಣಕ್ಕೆ ಒಕ್ಕಣೆಯನ್ನು ಬರೆಯುವ ಹೊಣೆ ನನ್ನ ಮೇಲೆ ಬಿದ್ದಿದೆ. ಕಲ್ಲಿನ ಅಳತೆಗೆ ಅರವತ್ತರಿಂದ ಎಂಬತ್ತು ಪದಗಳಷ್ಟೇ ಹಿಡಿಸುತ್ತವೆ.

ಈಗಾಗಲೇ ಎರಡು ಕರಡುಗಳು ನನ್ನ ಕೈಸೇರಿವೆ. ಮೊದಲನೆಯದು, ಹೈದರ್ ಅಲಿಯು ಇಲ್ಲಿ ಬೀಡುಬಿಟ್ಟಿದ್ದಾಗ ಅವನಿಗೆ ಮಗ ಹುಟ್ಟಿದ ಸುದ್ದಿ ತಲುಪಿತು, ಆ ಸಂತೋಷದಿಂದ ಊರಿಗೆ ಈ ಹೆಸರು ಬಂತು ಎಂಬ ಕಥೆಯಿಂದ ಆರಂಭವಾಗಿ ಅಲ್ಲಿಯೇ ಮುಕ್ಕಾಲು ಪಾಲು ಮುಗಿದುಹೋಗುತ್ತದೆ. ಎರಡನೆಯದು ಕೊಡಗಿನ ಅರಸ ದೊಡ್ಡವೀರರಾಜೇಂದ್ರರಿಗೆ ಏಳೆಂಟು ವಿಶೇಷಣಗಳನ್ನು ತೊಡಿಸಿ, ಕೋಟೆ ಯಾರ ವಶದಲ್ಲಿತ್ತು, ಯಾರಿಂದ ಅದನ್ನು ಪಡೆದರು ಎಂಬುದನ್ನೇ ಬಿಟ್ಟುಬಿಟ್ಟಿದೆ. ಎರಡನ್ನೂ ಕಲ್ಲಿಗೆ ಹಾಕಲು ನನಗೆ ಮನಸ್ಸಿಲ್ಲ.

ಬಲ್ಲವರು ದಯವಿಟ್ಟು ತಿಳಿಸಬೇಕು: ಫಲಕದ ತಲೆಯಲ್ಲಿ ಒಂದೇ ವರ್ಷವನ್ನು ಬರೆಯಬೇಕಾದರೆ ಯಾವುದು ಸರಿ? ‘ಟಿಪ್ಪು ಸುಲ್ತಾನ್ ಕಟ್ಟಿಸಿದ ಕೋಟೆ’ ಎಂದು ಬರೆಯಬಹುದೇ? 1834ರಲ್ಲಿ ಕೊಡಗು ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿದ ಸಂಗತಿ ಮತ್ತು ಊರಿಗಿದ್ದ ಫ್ರೇಜರ್‌ಪೇಟೆಯೆಂಬ ಹಳೆಯ ಹೆಸರು ಅದರಲ್ಲಿ ಇರಬೇಕೇ? ಇನ್ನೊಂದು ಅಳುಕೂ ಇದೆ. ನಮ್ಮ ಜಿಲ್ಲೆಯಲ್ಲಿ ಟಿಪ್ಪುವಿನ ಹೆಸರೆತ್ತಿದರೆ ಮಾತು ಎಲ್ಲಿಂದ ಎಲ್ಲಿಗೆ ಹೋಗುತ್ತದೆಂಬುದು ತಮಗೆ ಗೊತ್ತಿರುವುದೇ. ನಿಲ್ಲಿಸಿದ ತಿಂಗಳಲ್ಲೇ ಯಾರಾದರೂ ಡಾಂಬರು ಬಳಿಯುವಂಥ ಕಲ್ಲು ನಮಗೆ ಬೇಡ. ಹಾಗೆಂದು ಹೆದರಿ, ನಡೆದುದನ್ನು ಮರೆಮಾಚುವ ಕಲ್ಲೂ ಬೇಡ.

ಉತ್ತರ: ಬೇಪುನಾಡಿನವ

ಗುರುಗಳೇ, ಮೊದಲನೆಯ ಕರಡನ್ನು ಯಾವ ಸಂಕೋಚವೂ ಇಲ್ಲದೆ ಬದಿಗಿಡಿ. ಟಿಪ್ಪು ಹುಟ್ಟಿದ್ದು ದೇವನಹಳ್ಳಿಯಲ್ಲಿ, 1750ರ ಸುಮಾರಿಗೆ. ಹೈದರ್ ಅಲಿ ಮೈಸೂರಿನ ಅಧಿಕಾರವನ್ನು ಹಿಡಿದದ್ದು 1761ರಲ್ಲಿ. ಅವನ ಸೈನ್ಯ ಕೊಡಗಿನತ್ತ ತಿರುಗಿದ್ದು ಅದಕ್ಕಿಂತಲೂ ತರುವಾಯ. ಕೊಡಗಿನ ಗಡಿಯಲ್ಲಿ ಬೀಡುಬಿಟ್ಟ ಹೈದರನಿಗೆ ಮಗ ಹುಟ್ಟಿದ ಸುದ್ದಿ ಬರಬೇಕಾದರೆ ಆ ಮಗನಿಗೆ ಆಗಲೇ ಹತ್ತು ವರ್ಷ ದಾಟಿರಬೇಕಾಗುತ್ತದೆ. ಕಥೆಯಾಗಿ ಅದು ಚೆನ್ನಾಗಿದೆ, ಮನೆಯ ಜಗಲಿಯಲ್ಲಿ ಹೇಳಿಕೊಳ್ಳಲು ಅಡ್ಡಿಯಿಲ್ಲ. ಕಲ್ಲಿನ ಮೇಲೆ ಅದಕ್ಕೆ ಎಡೆಯಿಲ್ಲ.

ಇನ್ನು ಕೋಟೆಯ ವಿಚಾರ. 1780ರಲ್ಲಿ ಕೊಡಗಿನ ಅರಸ ಲಿಂಗರಾಜರು ತೀರಿಕೊಂಡಾಗ ಮಕ್ಕಳು ಚಿಕ್ಕವರಾಗಿದ್ದರು. ಅವರು ಪ್ರಾಯಕ್ಕೆ ಬರುವವರೆಗೆ ತಾನು ನೋಡಿಕೊಳ್ಳುವುದಾಗಿ ಹೇಳಿ ಹೈದರನು ರಾಜ್ಯವನ್ನು ಕೈಗೆ ತೆಗೆದುಕೊಂಡನು. ರಾಜಕುಮಾರರನ್ನು ಮೊದಲು ಗೊರೂರಿನಲ್ಲಿಯೂ ಬಳಿಕ ಪಿರಿಯಾಪಟ್ಟಣದಲ್ಲಿಯೂ ಇರಿಸಲಾಯಿತು. ಪಿರಿಯಾಪಟ್ಟಣದ ಸೆರೆಯಿಂದ ದೊಡ್ಡವೀರರಾಜೇಂದ್ರರು ತಪ್ಪಿಸಿಕೊಂಡದ್ದು 1788ರ ಡಿಸೆಂಬರಿನಲ್ಲಿ. ಅವರು ಮರಳಿ ಬರುವ ಹೊತ್ತಿಗೆ ಟಿಪ್ಪುವಿನ ಪಡೆಗಳು ಕೊಡಗಿನಲ್ಲಿ ನಾಲ್ಕು ಕೋಟೆಗಳನ್ನು ಹಿಡಿದುಕೊಂಡಿದ್ದವು: ಮಡಿಕೇರಿ, ಕುಶಾಲನಗರ, ಭಾಗಮಂಡಲ ಮತ್ತು ಬೇಪುನಾಡು.

ಈ ನಾಲ್ಕನ್ನು ನಕ್ಷೆಯಲ್ಲಿ ಗುರುತಿಸಿ ನೋಡಿದರೆ ತಮ್ಮ ಊರಿನ ಕೋಟೆಯ ಮಹತ್ವ ತಾನಾಗಿ ತಿಳಿಯುತ್ತದೆ. ಮಡಿಕೇರಿ ನಡುವಿನ ಎತ್ತರದಲ್ಲಿದೆ; ಭಾಗಮಂಡಲ ಪಶ್ಚಿಮದ ಬೆಟ್ಟಸಾಲಿನ ಬುಡದಲ್ಲಿದೆ; ಇಂದಿನ ವಿರಾಜಪೇಟೆಯ ಸುತ್ತಿನ ಬೇಪುನಾಡು ಮಲಬಾರಿನ ಕಡೆಯ ಘಟ್ಟದ ದಾರಿಗೆ ಹತ್ತಿರವಾಗಿದೆ. ಈ ಮೂರಕ್ಕೂ ಶ್ರೀರಂಗಪಟ್ಟಣದಿಂದ ಜನ, ಅಕ್ಕಿ, ಮದ್ದುಗುಂಡು ಬರಬೇಕಾದ ದಾರಿ ಪಿರಿಯಾಪಟ್ಟಣದ ಬಯಲನ್ನು ಹಾದು ಕಾವೇರಿಯನ್ನು ದಾಟುವುದು ಕುಶಾಲನಗರದ ಆಸುಪಾಸಿನಲ್ಲಿ. ಮಿಕ್ಕ ಮೂರು ಕೋಟೆಗಳು ನೆಲವನ್ನು ಹಿಡಿಯಲು ಇದ್ದವು. ಇದೊಂದು ದಾರಿಯನ್ನು ಹಿಡಿಯಲು ಇತ್ತು. 1789ರಲ್ಲಿ ರಾಜನ ಪಡೆ ಇದನ್ನು ಗೆದ್ದು ನಾಶಮಾಡಿತು. ತಾನು ಗೆದ್ದ ಕೋಟೆಯಲ್ಲಿ ತನ್ನ ಕಾವಲನ್ನು ಇರಿಸದೆ ಅದನ್ನು ಇಲ್ಲವಾಗಿಸಿದ್ದರಲ್ಲೇ ಆ ಯುದ್ಧದ ರೀತಿ ಕಾಣುತ್ತದೆ. ಕೊಡಗಿನವರಿಗೆ ಕಾಡು, ಕಣಿವೆ, ಕಡಂಗಗಳೆಂಬ ಕಾವಲಿನ ಅಗೆತ ಮತ್ತು ದಿಬ್ಬಗಳೇ ಸಾಕಾಗಿದ್ದವು. ಕೋಟೆ ಬೇಕಾಗಿದ್ದುದು ಹೊರಗಿನಿಂದ ಬಂದು ನೆಲೆಯೂರಬೇಕಾದವರಿಗೆ.

ಇದರ ಪರಿಣಾಮವನ್ನು ಮಡಿಕೇರಿ ಉಂಡಿತು. ಉಳಿದ ಕೋಟೆಗಳು ಒಂದೊಂದಾಗಿ ಕಳೆದ ಮೇಲೆ ಮಡಿಕೇರಿಯಲ್ಲಿ ಸಿಕ್ಕಿಬಿದ್ದ ಪಡೆಗೆ ಆಹಾರವೂ ಇಲ್ಲದಾಯಿತು. ಟಿಪ್ಪು ಆಹಾರ ಸಾಮಗ್ರಿಯೊಡನೆ ಕಳುಹಿಸಿದ ದಳದ ಮುಖ್ಯಸ್ಥ ಖಾದಿರ್ ಖಾನ್, ಪಿರಿಯಾಪಟ್ಟಣದ ಸೆರೆಯ ದಿನಗಳಲ್ಲಿ ರಾಜನ ಮನೆಯವರಿಗೆ ನೆರವಾಗಿದ್ದವನು. ಅವನನ್ನು ದಾರಿಯಲ್ಲಿಯೇ ಮುಗಿಸಿಬಿಡುವುದು ಸುಲಭವಾಗಿತ್ತು. ದೊಡ್ಡವೀರರಾಜೇಂದ್ರರು ಹಳೆಯ ಋಣವನ್ನು ನೆನೆದು ಅವನನ್ನು ಸಾಮಗ್ರಿಯೊಡನೆ ಕೋಟೆಯೊಳಕ್ಕೆ ಹೋಗಲು ಬಿಟ್ಟರು. ಕೊನೆಗೆ ಕೋಟೆ ಒಪ್ಪಂದದ ಮೂಲಕವೇ ಅವರ ಕೈಸೇರಿತು. ಈ ಪ್ರಸಂಗ ತಮ್ಮ ಫಲಕದಲ್ಲಿ ಹಿಡಿಸಲಾರದು, ಹಿಡಿಸಬೇಕಾಗಿಯೂ ಇಲ್ಲ. ಡಾಂಬರಿನ ಮಾತೆತ್ತಿದ್ದರಿಂದ ಹೇಳಿದೆ: ಆ ಕಾಲದ ಎರಡು ಪಕ್ಷಗಳ ನಡುವೆ ಇಂಥದ್ದೂ ನಡೆದಿತ್ತು.

‘ಕಟ್ಟಿಸಿದ’ ಎಂಬುದನ್ನು ಮಡಿಕೇರಿಯ ಕೋಟೆಗೆ ಧಾರಾಳವಾಗಿ ಬಳಸಬಹುದು. 1681ರಲ್ಲಿ ಮುದ್ದುರಾಜರು ಮಣ್ಣಿನಲ್ಲಿ ಕಟ್ಟಿಸಿದ್ದನ್ನು ಟಿಪ್ಪು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಎಂದು ಕರೆದನು. ತಮ್ಮ ಊರಿನ ಕೋಟೆಯ ವಿಷಯದಲ್ಲಿ ‘ಟಿಪ್ಪುವಿನ ಪಡೆ ನೆಲೆಸಿದ್ದ ಕೋಟೆ’ ಎಂದು ಬರೆದರೆ ಸತ್ಯಕ್ಕೂ ಚ್ಯುತಿಯಿಲ್ಲ, ಆ ಒಕ್ಕಣೆಯನ್ನು ಯಾರೂ ಅಲ್ಲಗಳೆಯಲೂ ಆಗದು. ವರ್ಷ 1789 ಇರಲಿ. ಈ ಜಾಗದಲ್ಲಿಯೇ ನಡೆದ ಘಟನೆಯ ವರ್ಷ ಅದು. 1834ಕ್ಕೆ ಒಂದು ವಾಕ್ಯ ಸಾಕು: ಆ ವರ್ಷದ ಏಪ್ರಿಲ್ 6ರಂದು ಕಂಪನಿಯ ಸೈನ್ಯ ಮಡಿಕೇರಿಯನ್ನು ಹಿಡಿಯಿತು, ಮೇ 7ರಂದು ಕೊಡಗು ಕಂಪನಿಗೆ ಸೇರಿದುದಾಗಿ ಘೋಷಣೆಯಾಯಿತು, ಆ ವ್ಯವಹಾರವನ್ನು ನಡೆಸಿದ ಕರ್ನಲ್ ಫ್ರೇಜರನ ಹೆಸರು ಊರಿಗೆ ಅಂಟಿಕೊಂಡು ಒಂದು ಶತಮಾನಕ್ಕೂ ಹೆಚ್ಚು ಕಾಲ ಉಳಿಯಿತು. ಹಳೆಯ ದಾಖಲೆಗಳನ್ನು ಹುಡುಕುವವರಿಗೆ ಆ ಹೆಸರು ಗೊತ್ತಿರಬೇಕಾದ್ದರಿಂದ ಅದನ್ನು ಬಿಡಬೇಡಿ.

ಒಂದು ಎಚ್ಚರಿಕೆ. ಕಾದಾಟದಲ್ಲಿ ಸತ್ತವರ ಸಂಖ್ಯೆಯನ್ನು ಬರೆಯಬೇಕೆಂದು ಯಾರಾದರೂ ಹಠ ಹಿಡಿದಾರು. ಆ ಕಾಲದ ವಿವರಗಳಿಗೆ ನಾವು ಹೆಚ್ಚಾಗಿ ನೆಚ್ಚುವ ‘ರಾಜೇಂದ್ರನಾಮೆ’ಯು 1808ರಲ್ಲಿ ದೊಡ್ಡವೀರರಾಜೇಂದ್ರರೇ ಬರೆಯಿಸಿದ ಗ್ರಂಥ. ಗೆದ್ದ ರಾಜನ ಆಸ್ಥಾನದಲ್ಲಿ ಬರೆದ ಸಂಖ್ಯೆಗಳನ್ನು ಓದುವುದಕ್ಕೆ ಒಂದು ಬಗೆಯಿದೆ. ಕಲ್ಲಿನಲ್ಲಿ ಕೊರೆಯುವುದು ಆ ಬಗೆಯಲ್ಲ.

ಉತ್ತರ: ಕಡಂಗದಂಚು

ಮೇಲಿನವರು ವರ್ಷ ಮತ್ತು ಹೆಸರುಗಳ ಪ್ರಶ್ನೆಯನ್ನು ಬಗೆಹರಿಸಿದ್ದಾರೆ. ನನ್ನ ಮಾತು, ಫಲಕದ ಮುಂದೆ ನಿಂತವನು ಏನನ್ನು ನೋಡಬೇಕು ಎಂಬುದರ ಬಗ್ಗೆ. ‘ಇಲ್ಲಿ ಕೋಟೆಯಿತ್ತು’ ಎಂದು ಓದಿದವನು ತಲೆಯೆತ್ತಿದರೆ ಕಾಣುವುದು ಲಾಡ್ಜಿನ ಬೋರ್ಡು ಮತ್ತು ಮಸಾಲೆ, ಜೇನು ಮಾರುವ ಅಂಗಡಿ. ಅವನಿಗೆ ಕೋಟೆಯನ್ನು ನಂಬಿಸುವುದು ಕಷ್ಟ. ಕಣ್ಣಿಗೆ ಕಾಣುವ ಏನನ್ನಾದರೂ ಆ ಎಂಬತ್ತು ಪದಗಳೊಳಗೆ ತರಲೇಬೇಕು. ಅಂಥದ್ದು ಕೊಡಗಿನಲ್ಲಿ ಧಾರಾಳವಾಗಿದೆ: ಕಡಂಗ.

ಕೊಡಗಿನ ಗಡಿರಕ್ಷಣೆ ಒಂದು ಗೋಡೆಯ, ನಾಲ್ಕು ಬುರುಜಿನ ಲೆಕ್ಕವಲ್ಲ. ಬೆಟ್ಟದ ಏಣಿನ ಮೇಲೆ, ಗದ್ದೆಯ ಅಂಚಿನಲ್ಲಿ, ಕಾಡಿನೊಳಗೆ ಹರಿದುಹೋಗುವ ಅಗೆತ. ಅಗೆದ ಮಣ್ಣನ್ನೇ ಒಳಮಗ್ಗುಲಿಗೆ ಹಾಕಿ ಎಬ್ಬಿಸಿದ ದಿಬ್ಬ. ದಾರಿಯು ಅದನ್ನು ದಾಟುವಲ್ಲಿ ಕಾವಲಿನ ಉಕ್ಕಡ. ಹಳೆಯ ವಿವರಣೆಗಳ ಪ್ರಕಾರ ದಿಬ್ಬ 15ರಿಂದ 25 ಅಡಿ ಎತ್ತರ, ಮುಂದಿನ ಕಂದಕ 10 ಅಡಿ ಆಳ, 8ರಿಂದ 10 ಅಡಿ ಅಗಲ. ಇವೆಲ್ಲವನ್ನೂ ಕೂಡಿಸಿದರೆ 500ರಿಂದ 600 ಮೈಲಿ ಉದ್ದವಾದೀತೆಂದು ಅಂದಾಜು ಮಾಡಿದ್ದರು. ಇಷ್ಟು ಚಿಕ್ಕ ನಾಡಿಗೆ ಆ ಉದ್ದ ಹೇಗೆ ಬಂತೆಂದರೆ, ಕಡಂಗಗಳು ಹೊರಗಡಿಯಲ್ಲಿ ಮಾತ್ರವಲ್ಲ, ಕೊಡಗಿನ ಒಳಗಿನ ನಾಡು ನಾಡುಗಳ ನಡುವೆಯೂ ಇದ್ದವು. ಒಂಬತ್ತು, ಹತ್ತನೆಯ ಶತಮಾನದ ಶಾಸನಗಳಲ್ಲಿಯೇ ಅವುಗಳ ಪ್ರಸ್ತಾಪ ಬರುತ್ತದೆ. ದೊಡ್ಡವೀರರಾಜೇಂದ್ರರ ಮನೆತನದವರಾದ ಹಾಲೇರಿ ಅರಸರಾಗಲಿ ಟಿಪ್ಪುವಾಗಲಿ ಬರುವುದಕ್ಕೆ ಎಷ್ಟೋ ಮೊದಲಿನ ಮಾತು ಇದು.

ನಮ್ಮ ತೋಟದ ಒಂದು ಎಲ್ಲೆ ಇಂದಿಗೂ ಕಡಂಗವೇ. ಹಿಂದೆ ರಸ್ತೆಯನ್ನು ಅಗಲ ಮಾಡುವಾಗ ಯಂತ್ರವು ಅದರ ಒಂದು ತುದಿಯನ್ನು ಅಡ್ಡಕ್ಕೆ ಕೊಯ್ದುಹಾಕಿತು. ಆ ಕೊಯ್ತದಲ್ಲಿ ಕಂಡ ನೋಟವನ್ನು ಹೇಳುತ್ತೇನೆ: ಮೇಲೆ ಆಳೆತ್ತರಕ್ಕೂ ಮಿಕ್ಕಿ ಕೆಂಪುಮಣ್ಣು, ನಡುನಡುವೆ ಜಂಬಿಟ್ಟಿಗೆಯ ಹರಳು, ಅದರ ಕೆಳಗೆ ಗೇಣಗಲದ ಕಪ್ಪು ಪಟ್ಟಿ, ಮತ್ತೆ ಅದರ ಕೆಳಗೆ ಕೆಂಪು. ಆ ಕಪ್ಪು ಪಟ್ಟಿಯೇ ಹಳೆಯ ನೆಲ. ತರಗೆಲೆ ಕೊಳೆತು ಕಪ್ಪಾಗಿದ್ದ ಕಾಡಿನ ನೆಲದ ಮೇಲೆಯೇ, ಅದನ್ನು ಕೆರೆಯುವ ಗೋಜಿಗೂ ಹೋಗದೆ, ಕಂದಕದ ಆಳದಿಂದ ತೆಗೆದ ಕೆಂಪುಮಣ್ಣನ್ನು ಸುರಿದಿದ್ದಾರೆ. ಅದನ್ನು ಅಗೆದವರ ಹೆಸರು ಯಾವ ಫಲಕದಲ್ಲಿಯೂ ಬರಲಾರದು. ಅವರು ಹೇಗೆ ಕೆಲಸ ಮಾಡಿದರೆಂಬುದು ಮಾತ್ರ ಆ ಪಟ್ಟಿಯಲ್ಲಿ ಉಳಿದಿದೆ.

ಹೊಸಬರು ಆನೆ ಕಂದಕವನ್ನು ಕಂಡು ಕಡಂಗವೆಂದು ಫೋಟೋ ತೆಗೆಯುವುದುಂಟು. ಅರಣ್ಯ ಇಲಾಖೆಯ ಆನೆ ಕಂದಕ ಕಾಡಿನ ಅಂಚಿಗೆ ಅಂಟಿಕೊಂಡು ಹೋಗುತ್ತದೆ, ಅದರ ಗೋಡೆ ಕಡಿದಾಗಿರುತ್ತದೆ, ದಿಬ್ಬದ ಮೇಲೆ ಹುಲ್ಲು ಬಿಟ್ಟರೆ ಹೆಚ್ಚೇನೂ ಇರುವುದಿಲ್ಲ. ಕಡಂಗದ ಅಂಚು ಮಳೆಗೆ ಸವೆದು ದುಂಡಾಗಿರುತ್ತದೆ, ಅದು ನೆಲದ ಏರಿಳಿತವನ್ನು ಬಳಸಿಕೊಂಡು ಏಣಿನ ಮೇಲೆಯೇ ಸಾಗುತ್ತದೆ, ದಿಬ್ಬದ ಮೇಲೆ ಹಲಸೋ ನಂದಿಯೋ ಬೇರಿಳಿಸಿ ತಲೆಮಾರುಗಳಿಂದ ನಿಂತಿರುತ್ತದೆ.

ಉಕ್ಕಡ ಎಷ್ಟು ಗಟ್ಟಿಯಾಗಿತ್ತೆಂಬುದಕ್ಕೆ 1834ಕ್ಕಿಂತ ಬೇರೆ ಸಾಕ್ಷಿ ಬೇಡ. ಬ್ರಿಗೇಡಿಯರ್ ಲಿಂಡ್ಸೆಯ ಮುಂದಾಳತ್ವದಲ್ಲಿ ಕಂಪನಿಯ ಸೈನ್ಯ ಹಲವು ದಿಕ್ಕಿನಿಂದ ಕೊಡಗಿಗೆ ನುಗ್ಗಿತು. ಉತ್ತರದಿಂದ ಬಂದ ಕರ್ನಲ್ ವಾನ ತುಕಡಿಯನ್ನು ಏಪ್ರಿಲ್ 3ರಂದು ಬಕ್ಕದ ಉಕ್ಕಡದಲ್ಲಿ ಮಾದಂಡ ಅಪ್ಪಚ್ಚುವಿನ ಪಡೆ ತಡೆದು ಹಿಮ್ಮೆಟ್ಟಿಸಿತು. ಕಂಪನಿಯ ಕಡೆಯ ಲೆಫ್ಟಿನೆಂಟ್ ಕರ್ನಲ್ ಮಿಲ್ ಅಲ್ಲಿಯೇ ಸತ್ತನು. ಕುಂಬಳೆಯ ಕಡೆಯಿಂದ ಬಂದ ಇನ್ನೊಂದು ತುಕಡಿಯೂ ಪೆಟ್ಟು ತಿಂದು ಮರಳಿತು. ಮರದ ಬೇಲಿ, ಮಣ್ಣಿನ ದಿಬ್ಬ, ಮುಂದೆ ಬಿದಿರು ಮೆಳೆ, ಫಿರಂಗಿಯನ್ನು ಎಳೆದು ತರಲಾಗದ ದಾರಿ: ಇಷ್ಟೇ ಸಾಕಾಯಿತು. ರಾಜಧಾನಿ ಬಿದ್ದದ್ದು ಪೂರ್ವದ ದಾರಿಯಿಂದ ಬಂದವರಿಗೆ, ಅಂದರೆ ತಮ್ಮ ಊರಿನ ಕಡೆಯಿಂದ ಬಂದವರಿಗೆ.

ಆದ್ದರಿಂದ ಕೋಟೆಯನ್ನು ಒಂಟಿಯಾಗಿ ನಿಲ್ಲಿಸದೆ, ಕಡಂಗಗಳ ಬಗ್ಗೆ ಒಂದು ವಾಕ್ಯವನ್ನಾದರೂ ಸೇರಿಸಿ. ಮಡಿಕೇರಿಯ ಕಡೆಗೆ ಹೋಗುವವನು ಮುಂದೆ ತೋಟಗಳ ನಡುವೆ ಅಂಥ ದಿಬ್ಬವನ್ನು ಕಂಡಾಗ ಇದೇನೆಂದು ಗುರುತಿಸುತ್ತಾನೆ.

ಉತ್ತರ: ಮೈಲಿಗಲ್ಲು

ನಮಸ್ಕಾರ ಸರ್. ನಾನು ರಸ್ತೆ ಕಾಮಗಾರಿಯ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಒಕ್ಕಣೆಯ ವಿಚಾರವನ್ನು ಬಲ್ಲವರಿಗೆ ಬಿಟ್ಟು ಕಲ್ಲಿನ ವಿಚಾರವನ್ನಷ್ಟೇ ಹೇಳುತ್ತೇನೆ.

ಮೊದಲು ಜಾಗ. ಇದು ರಾಷ್ಟ್ರೀಯ ಹೆದ್ದಾರಿ 275. ಹೆದ್ದಾರಿಯ ಜಮೀನಿನಲ್ಲಿ ಏನನ್ನೇ ನಿಲ್ಲಿಸುವುದಿದ್ದರೂ 2002ರ ರಾಷ್ಟ್ರೀಯ ಹೆದ್ದಾರಿ ನಿಯಂತ್ರಣ ಕಾಯಿದೆಯಂತೆ ಹೆದ್ದಾರಿ ಆಡಳಿತದ ಅನುಮತಿ ಬೇಕು. ಊರಿನ ಸ್ಥಳೀಯ ಸಂಸ್ಥೆ ಒಪ್ಪಿದರೆ ಸಾಲದು. ಅನುಮತಿಯಿಲ್ಲದೆ ನಿಲ್ಲಿಸಿದ ಕಲ್ಲನ್ನು ರಸ್ತೆ ಅಗಲ ಮಾಡುವಾಗ ಗುತ್ತಿಗೆದಾರನ ಜೆಸಿಬಿ ಎತ್ತಿ ಚರಂಡಿಯ ಆಚೆ ಒಗೆಯುತ್ತದೆ, ಅದನ್ನು ಕೇಳಲು ತಮಗೆ ಕಾಗದಪತ್ರವೂ ಇರುವುದಿಲ್ಲ. ಹೆದ್ದಾರಿಯ ಎಲ್ಲೆಗೆ ತಾಗಿದಂತೆ, ಸ್ಥಳೀಯ ಸಂಸ್ಥೆಯದೇ ಜಾಗದಲ್ಲಿ, ಎರಡು ವಾಹನ ನಿಲ್ಲುವಷ್ಟು ತೆರಪಿರುವ ಕಡೆ ಆರಿಸಿ. ಸೇತುವೆಯ ಬಾಯಿಯಲ್ಲಂತೂ ಬೇಡವೇ ಬೇಡ. ಓದಲು ನಿಂತವನ ಹಿಂದೆ ಬಸ್ಸು ಬಂದು ನಿಲ್ಲುತ್ತದೆ.

ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವವನು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತಾನೆ. ಅವನು ಎಂಬತ್ತು ಪದಗಳನ್ನು ಓದುವ ಪ್ರಶ್ನೆಯೇ ಇಲ್ಲ. ಆದ್ದರಿಂದ ಎರಡು ಬೇಕು: ಮುಂಚಿತವಾಗಿ ‘ಗಡಿಕೋಟೆಯ ನೆಲೆ’ ಎಂದಷ್ಟೇ ತಿಳಿಸುವ, ಕಂದು ಹಿನ್ನೆಲೆಯ ಪ್ರವಾಸಿ ಸೂಚನಾಫಲಕ, ನಿಂತವರಿಗೆ ಓದಲು ಕಲ್ಲು. ಮೊದಲನೆಯದನ್ನು ಹೆದ್ದಾರಿಯವರೇ ಹಾಕಬೇಕು, ಅರ್ಜಿಯಲ್ಲಿ ಅದನ್ನೂ ಸೇರಿಸಿ ಕೇಳಿ.

ಇನ್ನು ಕಲ್ಲು ಯಾವುದಿರಬೇಕೆಂಬ ಮಾತು. ಕನ್ನಡಿಯಂತೆ ಹೊಳಪು ಕೊಟ್ಟ ಕಪ್ಪು ಗ್ರಾನೈಟು ಉದ್ಘಾಟನೆಯ ದಿನ ಚೆನ್ನಾಗಿ ಕಾಣುತ್ತದೆ, ಮಧ್ಯಾಹ್ನದ ಬಿಸಿಲಿಗೆ ಓದಲು ಹೋದವನಿಗೆ ತನ್ನ ಮುಖವೇ ಕಾಣುತ್ತದೆ. ಹೊಳಪು ಕಡಿಮೆಯಿರುವ ಮೇಲ್ಮೈಯನ್ನು ಕೇಳಿ ಪಡೆಯಿರಿ. ಜಂಬಿಟ್ಟಿಗೆ ನಮ್ಮ ನೆಲದ್ದೆಂಬ ಅಭಿಮಾನ ಒಳ್ಳೆಯದೇ ಆದರೂ ಅದರಲ್ಲಿ ಅಕ್ಷರ ನಿಲ್ಲುವುದಿಲ್ಲ, ಪೀಠಕ್ಕೆ ಬಳಸಿ. ಫ್ಲೆಕ್ಸ್ ಅಥವಾ ಬಣ್ಣದ ತಗಡಿನ ಆಸೆಯನ್ನು ನಮ್ಮ ಮಳೆಗಾಲವೇ ಬಿಡಿಸುತ್ತದೆ. ಕುಶಾಲನಗರದಲ್ಲಿ ಮಡಿಕೇರಿಯಷ್ಟು ಮಳೆಯಿಲ್ಲ, ನಿಜ. ಪಾಚಿ ಹಿಡಿಯಲು ಅಲ್ಲಿಯದೂ ಸಾಕು. ಕಲ್ಲನ್ನು ಸ್ವಲ್ಪ ಹಿಂದಕ್ಕೆ ಓರೆಯಾಗಿ ನಿಲ್ಲಿಸಿದರೆ ಓದಲು ಸುಲಭ, ಆದರೆ ನೀರು ಮುಖದ ಮೇಲೆಯೇ ಇಳಿದು ಅಕ್ಷರದ ಗುಳಿಯಲ್ಲಿ ಪಾಚಿ ಕೂರುತ್ತದೆ. ನೆಟ್ಟಗೆ ನಿಲ್ಲಿಸಿ, ತಲೆಯ ಮೇಲೆ ನಾಲ್ಕು ಬೆರಳು ಮುಂಚಾಚಿದ ಕಲ್ಲೊಂದನ್ನು ಕೂರಿಸಿ.

ಅಕ್ಷರ ಎರಡೂವರೆ ಸೆಂಟಿಮೀಟರ್ ಎತ್ತರವಿದ್ದರೆ ಐದಾರು ಮೀಟರ್ ದೂರದಿಂದ ಸುಲಭವಾಗಿ ಓದಬಹುದು. ಸಾಲುಗಳ ನಡುವಿನ ಅಂತರದಲ್ಲಿ ಮಾತ್ರ ಜಿಪುಣತನ ಮಾಡಬೇಡಿ: ಒತ್ತಕ್ಷರ ಕೆಳಗಿಳಿಯುತ್ತದೆ, ಕೆಳಸಾಲಿನ ಗುಡಿಸು ಮೇಲೇರುತ್ತದೆ, ಎರಡೂ ತಾಗಿದರೆ ಕಲ್ಲಿನಲ್ಲಿ ಬಿಡಿಸಿ ಓದಲಾಗದು. ಇನ್ನೂ ದೊಡ್ಡ ಅಪಾಯ ಈಗಿನ ಕೊರೆತದ ಕ್ರಮದಲ್ಲಿದೆ. ತಾವು ಯೂನಿಕೋಡಿನಲ್ಲಿ ಬೆರಳಚ್ಚಿಸಿ ಕೊಟ್ಟದ್ದನ್ನು ಅಂಗಡಿಯವರು ತಮ್ಮ ಹಳೆಯ ಅಕ್ಷರವಿನ್ಯಾಸಕ್ಕೆ ಬದಲಾಯಿಸಿ, ಸ್ಟಿಕ್ಕರಿನಲ್ಲಿ ಕತ್ತರಿಸಿ, ಕಲ್ಲಿಗೆ ಅಂಟಿಸಿ, ಮರಳನ್ನು ಚಿಮ್ಮಿಸಿ ಕೊರೆಯುತ್ತಾರೆ. ಬದಲಾಯಿಸುವಾಗ ಒತ್ತು ಎಲ್ಲಿಗೋ ಹಾರುತ್ತದೆ, ಅರ್ಕಾವತ್ತು ಬೇರೆ ಅಕ್ಷರದ ಮೇಲೆ ಕೂರುತ್ತದೆ. ಒಂದು ಕಡೆ ‘ರಾಜೇಂದ್ರ’ದ ರಕಾರದ ಒತ್ತು ಪೂರ್ತಿ ಮಾಯವಾದ ಕಲ್ಲನ್ನು ಹಾರ ಹಾಕಿ ಉದ್ಘಾಟಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಮರಳು ಚಿಮ್ಮಿಸುವ ಮೊದಲು, ಸ್ಟಿಕ್ಕರ್ ಕಲ್ಲಿನ ಮೇಲೆ ಇರುವಾಗಲೇ, ತಾವೇ ಹೋಗಿ ಅಕ್ಷರ ಅಕ್ಷರ ಓದಿ.

ಉದ್ಘಾಟಿಸಿದವರು, ಅಧ್ಯಕ್ಷತೆ ವಹಿಸಿದವರು, ಗೌರವ ಉಪಸ್ಥಿತರು ಇವರೆಲ್ಲರ ಹೆಸರು ಕಲ್ಲಿನ ಹಿಂಬದಿಗೆ ಹೋಗಲಿ. ಇದನ್ನು ಸಭೆಯಲ್ಲಿ ಮೊದಲೇ ಬರೆದುಕೊಂಡು ಸಹಿ ಮಾಡಿಸಿಡಿ. ಆಮೇಲೆ ಹೇಳಿದರೆ ನಡೆಯುವುದಿಲ್ಲ.

ಉತ್ತರ: ಕಿಗ್ಗಟ್ಟುನಾಡು

ಎಲ್ಲರೂ ಹದಿನೆಂಟನೆಯ ಶತಮಾನದಲ್ಲಿಯೇ ನಿಂತಿರುವುದರಿಂದ ಒಂದು ಮಾತು. ಕೊಡಗಿನ ಆದಿಕಾಲದ ಗಡಿಕೋಟೆಗೆ ಫಲಕ ಹಾಕುವುದಾದರೆ ಮೊದಲ ಕಲ್ಲು ದಕ್ಷಿಣ ಕೊಡಗಿನ ಪಾಲ್ಪಾರೆಗೆ ಸಲ್ಲಬೇಕು. 1174ರಲ್ಲಿ ಹೊಯ್ಸಳ ಎರಡನೆಯ ಬಲ್ಲಾಳನ ದಂಡನಾಯಕ ಬೆಟ್ಟರಸನು ಚಂಗಾಳ್ವ ಮನೆತನದ ಅರಸ ಮಹದೇವನನ್ನು ಅಲ್ಲಿ ಸೋಲಿಸಿ, ಅಲ್ಲಿಯೇ ನೆಲೆ ಮಾಡಿಕೊಂಡನು. ಬಳಿಕ ಚಂಗಾಳ್ವ ಪೆಮ್ಮವೀರಪ್ಪನು ಎಲ್ಲ ನಾಡುಗಳ ಕೊಡಗರನ್ನು ಕೂಡಿಕೊಂಡು ಅದರ ಮೇಲೆ ಬಿದ್ದನು. ಬೆಟ್ಟರಸ ಸೋಲಿನ ಅಂಚಿಗೆ ಬಂದು ಕೊನೆಯಲ್ಲಿ ಗೆದ್ದನು. ಎಲ್ಲ ನಾಡುಗಳ ಕೊಡಗರು ಒಂದಾಗಿ ದಂಡೆತ್ತಿ ಹೋದರೆಂದು ಶಾಸನವೇ ಹೇಳುವ ಸಂದರ್ಭ ಅದು. ಕುಶಾಲನಗರದ ಕಲ್ಲಿಗೆ ನನ್ನ ವಿರೋಧವಿಲ್ಲ. ‘ಕೊಡಗಿನ ಮೊದಲ ಗಡಿಕೋಟೆ’ ಎಂಬ ಮಾತು ಮಾತ್ರ ಅದರಲ್ಲಿ ನುಸುಳದಿರಲಿ.

ಪ್ರಶ್ನೆ ಕೇಳಿದವರಿಂದ: ಹಾರಂಗಿ ದಡ

ಎಲ್ಲರಿಗೂ ಕೃತಜ್ಞತೆಗಳು. ಕಿಗ್ಗಟ್ಟುನಾಡಿನವರ ಮಾತು ಒಪ್ಪಿಗೆಯಾಯಿತು. ‘ಮೊದಲ’ ಎಂಬುದು ಎರಡನೆಯ ಕರಡಿನಲ್ಲಿ ನಿಜವಾಗಿಯೂ ಇತ್ತು, ತೆಗೆದಿದ್ದೇನೆ. ಸಭೆಗೆ ಒಯ್ಯಲು ಬರೆದ ಒಕ್ಕಣೆ ಹೀಗಿದೆ:

‘ಕುಶಾಲನಗರದ ಗಡಿಕೋಟೆ, 1789. ಕೊಡಗು ಮತ್ತು ಮೈಸೂರು ರಾಜ್ಯಗಳ ನಡುವೆ ಕಾವೇರಿಯನ್ನು ದಾಟುವ ದಾರಿಯನ್ನು ಕಾಯುತ್ತಿದ್ದ ಕೋಟೆ ಈ ಊರಿನಲ್ಲಿತ್ತು. ಮಡಿಕೇರಿ, ಭಾಗಮಂಡಲ, ಬೇಪುನಾಡಿನ ಕೋಟೆಗಳಂತೆ ಇಲ್ಲಿಯೂ ಟಿಪ್ಪು ಸುಲ್ತಾನನ ಪಡೆ ನೆಲೆಸಿತ್ತು. ಪಿರಿಯಾಪಟ್ಟಣದ ಸೆರೆಯಿಂದ 1788ರ ಡಿಸೆಂಬರಿನಲ್ಲಿ ತಪ್ಪಿಸಿಕೊಂಡು ಬಂದ ದೊಡ್ಡವೀರರಾಜೇಂದ್ರರು ಮರುವರ್ಷ ಶೂರ ಕೊಡಗಿನ ಪಡೆಯೊಡನೆ ಈ ಕೋಟೆಯನ್ನು ಗೆದ್ದು ನಾಶಮಾಡಿದರು. 1834ರಲ್ಲಿ ಕೊಡಗು ಈಸ್ಟ್ ಇಂಡಿಯಾ ಕಂಪನಿಯ ಆಳ್ವಿಕೆಗೆ ಸೇರಿದ ಮೇಲೆ ಊರಿಗೆ ಫ್ರೇಜರ್‌ಪೇಟೆ ಎಂಬ ಹೆಸರು ಬಂತು. ನಾಡಿನ ಗಡಿಗಳನ್ನು ಕಾಯುತ್ತಿದ್ದ ಕಡಂಗಗಳೆಂಬ ಮಣ್ಣಿನ ದಿಬ್ಬಗಳು ಕೊಡಗಿನ ಹಲವೆಡೆ ಇಂದಿಗೂ ಕಾಣುತ್ತವೆ.’

ಉತ್ತರ: ಬೇಪುನಾಡಿನವ

ಗುರುಗಳೇ, ಬಹಳ ಅಚ್ಚುಕಟ್ಟಾಗಿದೆ. ಎರಡು ತಿದ್ದುಪಡಿಗಳನ್ನು ಸೂಚಿಸುತ್ತೇನೆ.

ಒಬ್ಬರು ‘ಸುಲ್ತಾನನ’, ಇನ್ನೊಬ್ಬರು ‘ರಾಜೇಂದ್ರರು, ಮಾಡಿದರು’. ಮನೆಯ ಮಾತಿನಲ್ಲಿ, ಇಲ್ಲಿ ನಾನು ಮೇಲೆ ಬರೆದ ಉತ್ತರದಲ್ಲಿ ಕೂಡ, ನಾವು ಹಾಗೆಯೇ ಹೇಳುತ್ತೇವೆ. ಸಾರ್ವಜನಿಕ ಕಲ್ಲಿನಲ್ಲಿ ಒಬ್ಬ ಅರಸನಿಗೆ ಏಕವಚನ, ಇನ್ನೊಬ್ಬನಿಗೆ ಬಹುವಚನ ಇದ್ದರೆ ಓದುವವನಿಗೆ ಮೊದಲು ಚುಚ್ಚುವುದು ಅದೇ, ಇತಿಹಾಸ ಆಮೇಲೆ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಿ. ಕ್ರಿಯೆಯನ್ನು ಪಡೆಯ ಮೇಲೆ ಹಾಕಿದರೆ ಸಮಸ್ಯೆಯೇ ತೀರುತ್ತದೆ: ‘ಇಲ್ಲಿ ಟಿಪ್ಪು ಸುಲ್ತಾನ್ ಅವರ ಪಡೆ ನೆಲೆಸಿತ್ತು’, ‘ದೊಡ್ಡವೀರರಾಜೇಂದ್ರ ಅವರ ಪಡೆ ಕೋಟೆಯನ್ನು ಗೆದ್ದು ನಾಶಮಾಡಿತು’.

‘ಶೂರ’ ಎಂಬುದನ್ನು ತೆಗೆಯಿರಿ. ಸೆರೆಯಿಂದ ತಪ್ಪಿಸಿಕೊಂಡು ಬಂದವರ ಬೆನ್ನಿಗೆ ನಿಂತು ಒಂದು ವರ್ಷದೊಳಗೆ ಕೋಟೆಯನ್ನು ಕೆಡವಿದವರಿಗೆ ಆ ಪದದ ಆಸರೆ ಬೇಕಿಲ್ಲ, ಮೇಲಾಗಿ ಅದೊಂದು ಉಳಿದರೆ ಸಭೆಯಲ್ಲಿ ಇನ್ನೂ ಆರು ವಿಶೇಷಣಗಳು ಅದರ ಬಾಲ ಹಿಡಿದು ಒಳಬರುತ್ತವೆ.

ಉತ್ತರ: ಮೈಲಿಗಲ್ಲು

ಪದಗಳ ಅಳತೆ ಸರಿಹೋಗುತ್ತದೆ ಸರ್. ಆದರೆ ‘ಫ್ರೇಜರ್‌ಪೇಟೆ’ಯಲ್ಲಿ ರಕಾರದ ಅರ್ಧಾಕ್ಷರ ಪಕಾರಕ್ಕೆ ಒತ್ತಾಗಿ ತಗಲಿಕೊಳ್ಳುವುದು ಬಹುತೇಕ ಖಚಿತ. ಸ್ಟಿಕ್ಕರನ್ನು ನೋಡಲು ಹೋದಾಗ ಮೊದಲು ಆ ಪದವನ್ನು, ಆಮೇಲೆ ‘ರಾಜೇಂದ್ರ’ವನ್ನು ಹುಡುಕಿ ಓದಿ. ಅರ್ಜಿಯನ್ನು ಹೆದ್ದಾರಿ ಆಡಳಿತಕ್ಕೆ ಕೊಡುವಾಗ ಒಕ್ಕಣೆಯ ಪ್ರತಿಯನ್ನು ಜಿಲ್ಲಾಧಿಕಾರಿಗಳ ಕಚೇರಿಗೂ ಪುರಾತತ್ವ ಇಲಾಖೆಗೂ ಕಳುಹಿಸಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ನಾಳೆ ಯಾರಾದರೂ ತಕರಾರು ತೆಗೆದರೆ ತೋರಿಸಲು ಆ ಮುದ್ರೆ ಬಿದ್ದ ಪ್ರತಿ ತಮ್ಮ ಕೈಯಲ್ಲಿರಬೇಕು.